ಕೋಳಿಗೆ ಹೇಳಿದ ಮಾತು

ಹೋದ ತಿಂಗಳು ಉಪ್ಪಲ್‌ನಿಂದ ಕೆಲಸಕ್ಕೆ ಕರೆ ಬಂತು. ಕಂಪ್ಯೂಟರ್ ಕಂಪನಿಗಳಿರುವ ದೊಡ್ಡ ಕಟ್ಟಡ. ಕೆಳಗಿನ ಲಾಬಿಯ ಗ್ರಾನೈಟ್ ನೆಲ ಮಾಸಿದೆ, ಮತ್ತೆ ಪಾಲಿಶ್ ಮಾಡಿಕೊಡಬೇಕು ಅಂತ. ಜಾಗ ಕೇಳಿದಾಗಲೇ ಯಾವ ಕಟ್ಟಡ ಅಂತ ಗೊತ್ತಾಗಿತ್ತು. ಒಲ್ಲೆ ಅನ್ನಬಹುದಿತ್ತು. ಈಗ ನನ್ನವೇ ಮಷಿನ್‌ಗಳಿವೆ, ಆಳುಗಳಿದ್ದಾರೆ, ಬೇಡದ ಕೆಲಸವನ್ನು ಬೇಡ ಅನ್ನುವಷ್ಟು ನಡೆದಿದೆ. ಆದರೂ ಹೋದೆ. ಆಳುಗಳನ್ನು ಕಳಿಸದೆ ನಾನೇ ಮಷಿನ್ ಹಿಡಿದೆ.

ನೀರು ಬಿಟ್ಟು ಮಷಿನ್ ಚಾಲೂ ಮಾಡಿದ ಕೂಡಲೇ ಆ ವಾಸನೆ ಎದ್ದಿತು. ಕಲ್ಲು ನೀರು ಕುಡಿಯುತ್ತ ಸವೆಯುವಾಗ ಬರುವ ವಾಸನೆ. ತಣ್ಣಗಿರುತ್ತದೆ, ಸ್ವಲ್ಪ ಕಬ್ಬಿಣದ್ದು, ಸ್ವಲ್ಪ ಸುಟ್ಟ ರಬ್ಬರಿನದು. ದಿನಾ ಇದರಲ್ಲೇ ಇರುವ ನನಗೆ ಅದು ಮೂಗಿಗೆ ಹತ್ತುವುದೇ ಇಲ್ಲ. ಅವತ್ತು ಹತ್ತಿತು. ಲಿಫ್ಟಿನ ಎದುರು, ಈಗ ಕಾವಲಿನವನ ಮೇಜು ಇರುವಲ್ಲಿ, ಕಟ್ಟಡ ಏಳುತ್ತಿದ್ದ ಕಾಲಕ್ಕೆ ಒಂದು ತಗಡಿನ ಶೆಡ್ ಇತ್ತು. ಆ ಶೆಡ್ಡಿನಲ್ಲಿ ನನ್ನ ಅಪ್ಪ ಇದ್ದ. ಹೊರಗೆ ಕಂಬಗಳ ಮೇಲೆ ಮೆಟ್ರೋ ಹೋಗುವ ಸದ್ದು ಕೇಳಿತು. ಆಗ ಅದೆಲ್ಲ ಇರಲಿಲ್ಲ. ಕೆಂಪು ಮಣ್ಣು, ಸಿಮೆಂಟ್ ಲಾರಿ, ಮಳೆ.

ನಮ್ಮದು ಶಹಾಬಾದ ಕಡೆಯ ಖಣಿಯವರ ಮನೆ. ಅಜ್ಜ, ಅಪ್ಪ ಎಲ್ಲ ನೆಲದಿಂದ ಪರಸಿ, ಅಂದರೆ ಹಾಸುಗಲ್ಲು, ಎಬ್ಬಿಸಿದವರೇ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಕಾಲ ಮೇಲೆ ಪರಸಿ ಬಿತ್ತು. ಮಾಸ್ತರರು ಮನೆತನಕ ಬಂದು, "ಹುಡುಗ ಶಾಣ್ಯಾ ಅದಾನ, ಸಾಲಿ ಬಿಡಸಬ್ಯಾಡ್ರಿ" ಅಂದರು. ಅವ್ವ ನೆಲ ನೋಡಿದಳು. ನಾನೇ ಎದ್ದು ನಿಂತು, "ನಾ ಬರಂಗಿಲ್ಲರಿ ಸರ" ಅಂದೆ. ನನ್ನನ್ನು ಯಾರೂ ಶಾಲೆ ಬಿಡಿಸಲಿಲ್ಲ, ನಾನೇ ಬಿಟ್ಟೆ. ಈ ಮಾತನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಮುಂದೆ ಖಣಿ ನಿಂತು ಹೋಯಿತು. ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ಒಂದೊಂದು ಕಟ್ಟಡದ ಹೊಟ್ಟೆಯೊಳಗೆ ಎಕರೆಗಟ್ಟಲೆ ನೆಲ, ಎಲ್ಲದಕ್ಕೂ ಗ್ರಾನೈಟ್, ಎಲ್ಲದಕ್ಕೂ ಹೊಳಪು ಬೇಕು. ನಾನು ಪಾಲಿಶ್ ಮಷಿನ್ ಹಿಡಿದೆ. ನಾನು ಮುಗಿಸಿದ ನೆಲದ ಮೇಲೆ ಟ್ಯೂಬ್‌ಲೈಟಿನ ಬರಹ ಓದಬಹುದಿತ್ತು, ಹಾಗಿತ್ತು ಕೈ. ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಯ ಹಿಂದೆ ಒಂದೂವರೆ ಖೋಲಿ ಹಿಡಿದು ಹೆಂಡತಿ ದೇವಮ್ಮನನ್ನು ಕರೆತಂದೆ, ಆಮೇಲೆ ಅಪ್ಪ ಅವ್ವನನ್ನೂ. ರೈಲು ಬಂದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಅದು ಹೋದ ಮೇಲೆ ಮುಂದುವರಿಯುತ್ತಿತ್ತು.

ನಮ್ಮಲ್ಲಿ ಮಾತಿಗೆ ಒಂದು ರೀತಿ ಇತ್ತು. ಮೀಸೆ ಬಂದ ಮಗ ಅಪ್ಪನ ಜೊತೆ ನೇರ ಮಾತಾಡುವುದಿಲ್ಲ, ಅಪ್ಪನೂ ಅಷ್ಟೆ. ಸಿಟ್ಟೇನಿಲ್ಲ, ಮರ್ಯಾದೆ. ಸೊಸೆಯಂತೂ ಮಾವನ ಮುಂದೆ ಸೆರಗು ಹೊದ್ದು ನಿಲ್ಲಬೇಕು, ಬಾಯಿ ತೆಗೆಯಬಾರದು. ಹೀಗಾಗಿ ಎಲ್ಲರ ಮಾತೂ ಅವ್ವನ ಮೂಲಕ ಹೋಗುತ್ತಿತ್ತು. ಅಪ್ಪ ಹೊಸ್ತಿಲಲ್ಲಿ ಕೂತು ಬೀಡಿ ಸೇದುತ್ತ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಊಟಕ್ಕೆ ಕೂತ ನನಗೆ ಕೇಳಲಿ ಅಂತಲೇ ಜೋರಾಗಿ, ಆದರೆ ಅವ್ವನಿಗೆ ಹೇಳುತ್ತಿದ್ದ:

"ದಸರಾಕ್ಕ ಊರಿಗೆ ಹೋಗೋದೈತೋ ಇಲ್ಲೋ, ಕೇಳ ನಿನ್ನ ಮಗಗ."

ಅವ್ವ ನನ್ನ ಕಡೆ ತಿರುಗಿ, "ನಿಮ್ಮಪ್ಪ ಕೇಳಾಕತ್ತಾನ, ದಸರಾಕ್ಕ ಊರಿಗೆ ಹೋಗೂಣೇನಪಾ ಅಂತ."

"ಕೆಲಸ ಬಿಟ್ಟು ಹೋಗಿ ಅಲ್ಲೇನು ಮಣ್ಣು ತಿನ್ನೋದೈತಿ? ಆಗಂಗಿಲ್ಲಂತ ಹೇಳವ್ವಾ."

ಅವ್ವ ಅಪ್ಪನ ಕಡೆ ತಿರುಗಿ, "ಈ ಸರ್ತಿ ಕೆಲಸ ಭಾಳ ಐತಂತ. ಯುಗಾದಿಗೆ ಖರೇನ ಹೋಗೂಣಂತಾನ."

ನಾನು ಯುಗಾದಿಯ ಹೆಸರೇ ಎತ್ತಿರಲಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು, ಅವನಿಗೇನು ಕಿವಿ ಇರಲಿಲ್ಲವೇ. ಆದರೂ ಹೊಗೆ ಬಿಟ್ಟು, "ಆತು ಹಂಗಾರ, ಯುಗಾದಿಗೇ ಹೋಗೂಣಂತ ಹೇಳು" ಅನ್ನುತ್ತಿದ್ದ. ನನ್ನ ಮಾತು ಕೇಳಿಸಿಕೊಂಡರೂ ಅವನು ಉತ್ತರ ಕೊಡುತ್ತಿದ್ದದ್ದು ಅವ್ವನ ಮಾತಿಗೆ. ನಾನೂ ಹಾಗೆಯೇ. ಅವ್ವ ನಮ್ಮ ಮಾತಿಗೆ ಜರಡಿ ಹಿಡಿದು ಕೂತಿದ್ದಳು, ಕಲ್ಲು ಹೊಟ್ಟು ಎಲ್ಲ ಅವಳಲ್ಲೇ ಉಳಿಯುತ್ತಿತ್ತು. ಇದು ಆಗ ನನಗೆ ತಿಳಿದಿರಲಿಲ್ಲ. ಮುದುಕಿ ಸುಮ್ಮನೆ ಸುಳ್ಳು ಸೇರಿಸುತ್ತಾಳೆ ಅಂದುಕೊಂಡಿದ್ದೆ.

ಒಂದು ಬೇಸಿಗೆ, ತಗಡು ಕಾದು ಹಂಚಾಗಿದ್ದ ದಿನಗಳಲ್ಲಿ, ಜ್ವರ ಅಂತ ಮಲಗಿದ ಅವ್ವ ಏಳಲಿಲ್ಲ.

ಕಾರ್ಯವೆಲ್ಲ ಮುಗಿದು ಬಂದ ನೆಂಟರು ಹೋದ ಮೇಲೆ ನಾವು ಮೂರು ಮಂದಿ ಉಳಿದೆವು. ಮೂವರಲ್ಲಿ ನಾನು ಮತ್ತು ದೇವಮ್ಮ ಮಾತ್ರ ಮಾತಾಡಿಕೊಳ್ಳಬಹುದಿತ್ತು, ಅದೂ ಅಪ್ಪ ಇಲ್ಲದಾಗ. ಮೊದಲು ತೊಂದರೆಗೆ ಬಿದ್ದವಳು ದೇವಮ್ಮ. ಮಾವನಿಗೆ ಚಾ ಕೊಡಬೇಕು, ಕರೆಯುವುದು ಹೇಗೆ? ಲೋಟ ಹೊಸ್ತಿಲಲ್ಲಿಟ್ಟು, ಬಾಗಿಲಿನ ಕಡೆ ಮುಖ ಮಾಡಿ, "ಯಾರರ ಚಾ ಕುಡಿಯೋರಿದ್ರ ಆರಾಕತ್ತೈತಿ" ಅಂದಳು. ಅಪ್ಪ ಗೋಡೆ ನೋಡುತ್ತ, "ಸಕ್ಕರಿ ಹಾಕಿದ್ರ ಯಾರರ ಕುಡಿತಾರ" ಅಂದ. ನನಗೆ ನಗು ಬಂತು. ಒಳಗೆ ಹೋಗಿ ನಕ್ಕೆ.

ಮನೆಯಲ್ಲಿ ಅವ್ವ ಸಾಕಿದ ಒಂದು ಕೋಳಿ ಇತ್ತು. ಕಪ್ಪು ಕೋಳಿ, ಕುತ್ತಿಗೆ ಬೋಳು. ಅವ್ವ ಹೋದ ಮೇಲೆ ಅದು ಅವಳು ಕೂರುತ್ತಿದ್ದ ಜಾಗದಲ್ಲೇ ಬಂದು ಕೂರುತ್ತಿತ್ತು. ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅಪ್ಪ ಅದಕ್ಕೆ ಹೇಳಿದ: "ಏ ಕೋಳಿ, ಬಾಜು ಮನಿಯವರು ನೀರಿಗೆ ಜಗಳ ತಗದಾರಂತ ಹೇಳು." ನಾನು ಚಪ್ಪಲಿ ಬಿಡುತ್ತ, "ಕೋಳಿ, ನಾಳೆ ಮಾಲಕಗ ಹೇಳತೀನಂತ ಹೇಳು" ಅಂದೆ. ಹಾಗೆ ಅವ್ವನ ಜಾಗಕ್ಕೆ ಕೋಳಿ ಬಂತು. ನಡೆಯಿತು, ಒಂದು ತರಹ ನಡೆಯಿತು. ಆದರೆ ಕೋಳಿಗೆ ಜರಡಿ ಹಿಡಿಯಲು ಬರುತ್ತಿರಲಿಲ್ಲ. ಅಪ್ಪ ಹೇಳಿದ್ದು ಅಪ್ಪ ಹೇಳಿದ ಹಾಗೆ ನನಗೆ ತಾಕುತ್ತಿತ್ತು, ನನ್ನದು ಅವನಿಗೆ.

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ನಾನು ಮತ್ತೆ ವಿದ್ಯಾರ್ಥಿಯಾದೆ. ಕಾರಣ ದೊಡ್ಡದೇನಿಲ್ಲ. ಕೆಲಸದಲ್ಲಿ ಸೂಪರ್‌ವೈಸರ್ ಜಾಗ ಖಾಲಿಯಾಯಿತು. ನನ್ನ ಕೈ ಎಲ್ಲರಿಗೂ ಗೊತ್ತಿತ್ತು, ಆದರೂ ಗುತ್ತೇದಾರ, "ಏನಾದರೂ ಒಂದು ಸರ್ಟಿಫಿಕೇಟ್ ತಾ ಸಾಬಣ್ಣ, ಮೇಲಿನವರಿಗೆ ತೋರಿಸಬೇಕು" ಅಂದ. ಅಮೀರ್‌ಪೇಟಿನಲ್ಲಿ ಹೊರಗಿನಿಂದ ಓದುವವರಿಗೆ ಭಾನುವಾರದ ಕ್ಲಾಸು ನಡೆಸುವ ಒಂದು ಕೇಂದ್ರ ಇತ್ತು, ಹೋದೆ. ಅಲ್ಲಿಯ ಗುಮಾಸ್ತ ನನ್ನ ಓದು ಕೇಳಿ ಕನ್ನಡಕ ಏರಿಸಿದ. ಏಳನೇ ಕ್ಲಾಸಿಗೆ ಸಿಗುವುದು ಒಂದೇ, ಕುಟುಂಬ ಅಧ್ಯಯನ. ನನಗೆ ಅವಮಾನವಾಯಿತು. ಮನೆ ನಡೆಸುವವನಿಗೆ ಮನೆಯ ಪಾಠವೇ? ಆದರೂ ಸೇರಿದೆ. ಒಮ್ಮೆ ಹಿಡಿದದ್ದನ್ನು ಬಿಡುವ ಜಾತಿ ನನ್ನದಲ್ಲ.

ಅಮೀರ್‌ಪೇಟಿನ ಬೀದಿಯಲ್ಲಿ ಆಗ ಆಕಾಶ ಕಾಣುತ್ತಿರಲಿಲ್ಲ. ಒಂದರ ಮೇಲೊಂದು ಬೋರ್ಡು, ಎಲ್ಲ ಕಂಪ್ಯೂಟರ್ ಕಲಿಸುವವರದು. ಕೊಡೆ ಹಿಡಿದ ಹುಡುಗ ಹುಡುಗಿಯರು ಗುಂಪುಗುಂಪಾಗಿ ಅಮೆರಿಕದ ಮಾತಾಡುತ್ತ ಹೋಗುವಾಗ, ಅವರ ನಡುವೆ ಉಗುರಿನೊಳಗೆ ಕಲ್ಲಿನ ರಾಡಿ ಉಳಿದ ನಾನು ಕುಟುಂಬ ಕಲಿಯಲು ಹೋಗುತ್ತಿದ್ದೆ. ಕ್ಲಾಸಿನಲ್ಲಿ ಹೆಚ್ಚಿನವರು ಹೆಂಗಸರು. ಪಕ್ಕದ ಬೆಂಚಿನ ಅಂಗನವಾಡಿಯಾಕೆ ಮೊದಲ ದಿನವೇ, "ಅಣ್ಣಾ, ನೀವ್ಯಾಕೆ ಬಂದಿರಿ, ಮನೆಯಾಕೆಯನ್ನು ಕಳಿಸಬೇಕಿತ್ತು" ಅಂದಳು. "ಆಕೆಗೆ ಬರುತ್ತದೆ ಅಕ್ಕಾ, ನನಗೇ ಬರುವುದಿಲ್ಲ" ಅಂದೆ. ಎಲ್ಲರೂ ನಕ್ಕರು. ಅಂದದ್ದು ಚೇಷ್ಟೆಗೆ, ಆದರೆ ನಿಜವೇ ಆಗಿತ್ತು.

ಪಾಠ ಮಾಡುತ್ತಿದ್ದವರು ವಸುಂಧರಾ ಮೇಡಂ. ಮಾತು ಮೆತ್ತಗೆ. ನನ್ನನ್ನು "ಸಾಬಣ್ಣಗಾರು" ಅನ್ನುತ್ತಿದ್ದರು, ಅದುವರೆಗೆ ನನ್ನ ಹೆಸರಿಗೆ ಯಾರೂ ಮರ್ಯಾದೆಯ ಆ ಗಾರು ಹಚ್ಚಿರಲಿಲ್ಲ. ಪಾಠ ತೆಲುಗಿನಲ್ಲಿ. ಆಡುವ ತೆಲುಗು ನನಗೆ ನೀರಿನ ಹಾಗೆ ಬರುತ್ತಿತ್ತು, ಅಕ್ಷರ ಅರ್ಧ ನಮ್ಮವೇ, ಉಳಿದರ್ಧವನ್ನು ಬಸ್ಸಿನ ಬೋರ್ಡು ನೋಡಿ ಕಲಿತಿದ್ದೆ. ಒಂದು ಭಾನುವಾರ ಅವರು ಹೇಳಿದ್ದು ಇವತ್ತಿಗೂ ನೆನಪಿದೆ: "ಮನೆಯವರ ಜೊತೆ ಮಾತಾಡುವಾಗ 'ನೀನು ಹೀಗೆ ಮಾಡಿದೆ' ಅಂತ ಶುರು ಮಾಡಬೇಡಿ. 'ನನಗೆ ಹೀಗಾಗುತ್ತಿದೆ' ಅಂತ ಶುರು ಮಾಡಿ. ಆಮೇಲೆ ಅವರಿಗೇನು ಬೇಕು ಅಂತ ಕೇಳಿ. ಕೇಳಿ, ಸುಮ್ಮನಿರಿ."

ಮೊದಲು ದೇವಮ್ಮನ ಮೇಲೆ ಮಾಡಿ ನೋಡೋಣ ಅಂತ ಅವತ್ತು ಸಂಜೆ ಮನೆಗೆ ಹೋಗಿ, "ದೇವಮ್ಮಾ" ಅಂದೆ. ಅವಳು ಒಲೆ ಬಿಟ್ಟು ಹಿಂದೆ ನೋಡಿದಳು, ಯಾರೋ ಬಂದಿದ್ದಾರೆ ಅಂತ. ಮದುವೆಯಾದಾಗಿನಿಂದ ಅವಳನ್ನು ನಾನು 'ಏ', 'ಇವಳೇ' ಅಂತಲೇ ಕರೆದದ್ದು.

"ನನ್ನ ಕರದ್ರಿ?"

"ಹೂಂ. ನಿನಗೇನು ಬೇಕು?"

"ಯಾಕ, ಏನಾತು ನಿಮಗ? ಮಳ್ಯಾಗ ತೊಯ್ಸಿಕೊಂಡು ತಲಿಗೆ ಏರೈತೇನು?" ಅಂತ ಸೆರಗು ಬಾಯಿಗೆ ಒತ್ತಿ ನಕ್ಕಳು. ಮೇಡಂ ಹೇಳಿದಂತೆ ನಾನು ಸುಮ್ಮನಿದ್ದೆ. ನಗು ನಿಂತ ಮೇಲೆ ರೊಟ್ಟಿ ತಟ್ಟುತ್ತಲೇ ಅವಳು ಹೇಳಿದಳು: "ಹೊಲಿಗಿ ಕಲಿಬೇಕಂತ ಭಾಳ ದಿವಸದಿಂದ ಐತ್ರಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ನಾನು ಬೆರಗಾದೆ. ಇಷ್ಟು ವರ್ಷ ಒಂದೇ ಖೋಲಿಯಲ್ಲಿದ್ದು ಗೊತ್ತಾಗದ್ದು ಒಂದು ಪ್ರಶ್ನೆಗೆ ಹೊರಬಿತ್ತು. ಅವಳನ್ನು ಹೊಲಿಗೆ ಕ್ಲಾಸಿಗೆ ಸೇರಿಸಿದೆ. ಇವತ್ತು ಅವಳದೇ ಅಂಗಡಿಯಿದೆ. ಆ ಓದಿನಿಂದ ನನಗೆ ಏನೂ ಆಗಲಿಲ್ಲ ಅಂದರೆ ನಾಲಿಗೆ ಬಿದ್ದೀತು. ಆದರೆ ಆ ಬೆರಗೇ ನನಗೆ ಹುಮ್ಮಸ್ಸು ಕೊಟ್ಟಿತು. ಈ ಹತಾರ ಎಲ್ಲಿ ಹಿಡಿದರೂ ನಡೆಯುತ್ತದೆ ಅಂದುಕೊಂಡೆ.

ಅಪ್ಪ ಕೆಮ್ಮುತ್ತಿದ್ದ. ಮೊದಲಿನಿಂದಲೂ ಇದ್ದದ್ದೇ, ಕಲ್ಲಿನ ಪುಡಿ ಎದೆಯೊಳಗೆ ಕೂತಿತ್ತು. ಆ ಮಳೆಗಾಲ ತಡೆಯಿಲ್ಲದೆ ಏರಿತು. ಹಳಿಯ ಪಕ್ಕದ ಚರಂಡಿ ಉಕ್ಕಿ ಮನೆಯೊಳಗೆ ಥಂಡಿ ಹತ್ತಿತ್ತು, ಗೋಡೆ ಬೆವರುತ್ತಿತ್ತು. ಒಂದು ದಿನ ದೇವಮ್ಮ ಅವನ ಟವೆಲು ಒಗೆಯುವಾಗ ನನ್ನನ್ನು ಕರೆದು ತೋರಿಸಿದಳು. ಮೂಲೆಯಲ್ಲಿ ಕೆಂಪು.

"ದವಾಖಾನಿಗೆ ಒಯ್ಯಬೇಕ್ರಿ. ಯಾರರ ಮಾವಗ ಹೇಳ್ರಿ."

"ಯಾರರ ಅಂದ್ರ ಯಾರು?"

ಅವಳು ಕೋಳಿಯ ಕಡೆ ನೋಡಿದಳು. ನಾನು ಕೋಳಿಗೆ ಹೇಳಿದೆ: "ಕೋಳಿ, ದೊಡ್ಡ ದವಾಖಾನಿಗೆ ಹೋಗಿ ಎದಿ ತೋರಸಬೇಕಂತ ಹೇಳು." ಅಪ್ಪ ಹೊಸ್ತಿಲಿನಿಂದ, "ಕೋಳಿ, ಕಲ್ಲು ಒಡದವರು ಎಲ್ಲಾರೂ ಕೆಮ್ಮತಾರ. ಹಂಗ ನೋಡಿದ್ರ ಊರಿಗೆ ಊರನ್ನೇ ಒಯ್ಯಬೇಕಂತ ಹೇಳು" ಅಂದ. ಅವ್ವ ಇದ್ದಿದ್ದರೆ ಇಷ್ಟರಲ್ಲೇ ಏನಾದರೂ ಮಾಡುತ್ತಿದ್ದಳು. ಅವನು ಬರುತ್ತಾನಂತೆ ಅಂತ ನನಗೂ, ಮಗ ಅಳುತ್ತಿದ್ದಾನೆ ಅಂತ ಅವನಿಗೂ ಹೇಳಿ, ಇಬ್ಬರನ್ನೂ ಬಸ್ಸಿಗೆ ಹತ್ತಿಸುತ್ತಿದ್ದಳು. ಕೋಳಿ ಕಾಳು ಹೆಕ್ಕುತ್ತಿತ್ತು.

ಅದೇ ವಾರ ಮೇಡಂ ಮನೆಗೆಲಸ ಕೊಟ್ಟಿದ್ದರು. ಮನೆಯಲ್ಲಿ ನೀವು ಎಂದೂ ಮನಸ್ಸು ಬಿಚ್ಚಿ ಮಾತಾಡದ ಒಬ್ಬರ ಜೊತೆ ನೇರವಾಗಿ ಮಾತಾಡಿ, ಏನಾಯಿತು ಬರೆದು ತನ್ನಿ. ಓದಿಗಾಗಿ ನಾನು ಅದನ್ನು ಮಾಡಿದೆ ಅಂತ ಯಾರೂ ತಿಳಿಯಬಾರದು. ಆ ಟವೆಲಿನ ಕೆಂಪು ನನ್ನ ಕಣ್ಣಲ್ಲೇ ಇತ್ತು. ಓದು ನನಗೆ ದಾರಿ ಕೊಟ್ಟಿತು, ಅಷ್ಟೆ.

ಮಳೆ ಬಿಡುವು ಕೊಟ್ಟಿದ್ದ ಒಂದು ಸಂಜೆ. ಅಪ್ಪ ಹೊಸ್ತಿಲಲ್ಲಿ. ನಾನು ಹೋಗಿ ಅವನ ಎದುರು, ನೆಲದ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆ. ಅವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟೋ ವರ್ಷವಾಗಿತ್ತು. ಹುಬ್ಬಿನಲ್ಲೂ ಬಿಳುಪು, ಅದು ಕಲ್ಲಿನ ಪುಡಿಯೋ ವಯಸ್ಸೋ ತಿಳಿಯಲಿಲ್ಲ.

"ಅಪ್ಪಾ" ಅಂದೆ. "ನೀ ಕೆಮ್ಮೋದು ಕೇಳಿ ನನಗ ಅಂಜಿಕಿ ಆಗಾಕತ್ತೈತಿ. ನನಗ ನಿದ್ದಿ ಬರವಲ್ದು. ನಿನ್ನ ಮನಸ್ನ್ಯಾಗ ಏನೈತಿ, ನನಗ ಹೇಳು. ನಿನಗೇನು ಬೇಕು?"

ಒಳಗೆ ದೇವಮ್ಮನ ಕೈಯ ಪಾತ್ರೆ ಸದ್ದು ನಿಂತಿತು. ಅಪ್ಪ ನನ್ನನ್ನು ನೋಡಿದ. ಅಷ್ಟರಲ್ಲಿ ಗೂಡ್ಸ್ ರೈಲು ಬಂತು. ಉದ್ದದ ಗಾಡಿ, ಡಬ್ಬಿಯ ಹಿಂದೆ ಡಬ್ಬಿ, ನೆಲ ನಡುಗುತ್ತಿತ್ತು. ನಾವಿಬ್ಬರೂ ಕಣ್ಣಿಗೆ ಕಣ್ಣಿಟ್ಟು ಅದು ಮುಗಿಯುವುದನ್ನು ಕಾದೆವು. ಅವನ ಕಣ್ಣಲ್ಲಿ ಏನೋ ಒಂದು ಆರಿಹೋದದ್ದನ್ನು ಕಂಡೆ. ಅದನ್ನು ಆಗ ನಾನು ಮನಸ್ಸು ಕರಗಿದ್ದು ಅಂತ ಓದಿಕೊಂಡೆ. ರೈಲು ಹೋದ ಮೇಲೆ ಅವನು ಮುಖ ತಿರುಗಿಸಿ ಹೇಳಿದ:

"ಕೋಳಿ, ನನಗೇನೂ ಬ್ಯಾಡಂತ ಹೇಳು."

ಮರುದಿನ ನಾನು ಕೆಲಸದಿಂದ ಬರುವಾಗ ಅವನು ಇರಲಿಲ್ಲ. ಅವನ ಬಟ್ಟೆಯ ಗಂಟು ಇರಲಿಲ್ಲ. ಕೋಳಿಯೂ ಇರಲಿಲ್ಲ. ದೇವಮ್ಮ ಬಾಗಿಲಲ್ಲಿ ಕೂತು ಅಳುತ್ತಿದ್ದಳು. ಸೊಸೆ ಮಾವನನ್ನು ತಡೆಯುವುದು ಹೇಗೆ, "ಯಾರರ ಎಲ್ಲಿ ಹೊಂಟಾರ" ಅಂತ ಬೀದಿಯ ತನಕ ಕೂಗುತ್ತ ಹೋಗಿದ್ದಳಂತೆ. ನಮ್ಮ ಕಡೆಯ ಮಂದಿಯನ್ನು ಕೇಳಿ ಕೇಳಿ ತಿಳಿಯಿತು, ಉಪ್ಪಲ್‌ನಲ್ಲಿ ಕಂಪ್ಯೂಟರ್ ಕಂಪನಿಗೆ ಏಳುತ್ತಿದ್ದ ಕಟ್ಟಡಕ್ಕೆ ಕಾವಲಿಗೆ ಸೇರಿದ್ದಾನೆ ಅಂತ.

ಭಾನುವಾರ ಮೊದಲು ಕ್ಲಾಸಿಗೆ ಹೋದೆ, ಅಲ್ಲಿಂದ ಉಪ್ಪಲ್‌ಗೆ ಹೋಗುವುದು ಅಂತ. ರೊಟ್ಟಿಯ ಗಂಟು ಕಾಲ ಬಳಿ ಇತ್ತು. ನಾನು ಬರೆದು ಕೊಟ್ಟದ್ದರಲ್ಲಿ "ನಿನಗೇನು ಬೇಕು" ಅಂತ ಕೇಳಿದಲ್ಲಿಗೆ ನಿಲ್ಲಿಸಿದ್ದೆ. ಮುಂದಿನದು ಮನೆಯ ಮಾತು, ಊರಿಗೆ ಹೇಳುವುದಲ್ಲ. ಮೇಡಂ ಅದನ್ನು ಓದಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿದರು. "ತಲೆತಲಾಂತರದ ಮೌನ ಮುರಿದಿದ್ದಾರೆ ಸಾಬಣ್ಣಗಾರು" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಅಂಗನವಾಡಿಯಾಕೆ ಕಣ್ಣು ಒರೆಸಿಕೊಂಡಳು. ನಾನು ಎದ್ದು ಕೈ ಮುಗಿದೆ. ರೊಟ್ಟಿಯ ಗಂಟಿನಿಂದ ಖಾರದ ಚಟ್ನಿಯ ವಾಸನೆ ಬರುತ್ತಿತ್ತು.

ಉಪ್ಪಲ್‌ನಲ್ಲಿ ಸುರಿಯುತ್ತಿತ್ತು. ಮೊಣಕಾಲ ಮಟ ಕೆಂಪು ರಾಡಿ ದಾಟಿ ಹೋದೆ. ತಗಡಿನ ಶೆಡ್ಡಿನ ಬಾಯಲ್ಲಿ ಅಪ್ಪ, ಪಕ್ಕದಲ್ಲಿ ಸಿಮೆಂಟ್ ಚೀಲದ ಮೇಲೆ ಕೋಳಿ. ನನ್ನನ್ನು ನೋಡಿ ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಚಲೋ ಇತ್ತು.

"ಕೋಳಿ, ಬಂದವರಿಗೆ ಕೂಡಾಕ ಆ ಇಟ್ಟಂಗಿ ತೋರಸು" ಅಂದ. ನಾನು ಕೂತೆ. ರೊಟ್ಟಿ ಕೊಟ್ಟೆ. "ಕೋಳಿ, ಇಷ್ಟು ಮಳ್ಯಾಗ ಯಾಕ ತ್ರಾಸ ತಗೊಂಡ್ರಂತ ಹೇಳು" ಅಂದ. ನೆಂಟರಿಗೆ ಆಡುವ ಮಾತು.

"ಕೋಳಿ, ಮನಿಗೆ ಬಾ ಅಂತ ಹೇಳು."

ಅವನು ಬಹಳ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ: "ಕೋಳಿ, ಬ್ಯಾರೆ ಆದವರು ಹಬ್ಬಕ್ಕ ಬರತಾರ, ಇರಾಕ ಬರಂಗಿಲ್ಲ. ನನ್ನ ಪಾಲಿಗೆ ನೀ ಬಂದಿ, ಅಷ್ಟು ಸಾಕಂತ ಹೇಳು."

ಆಗ ತಿಳಿಯಿತು. ಖಣಿಯ ಕಡೆ ಅಪ್ಪ ಮಗ ಎದುರು ಕೂತು ಮೊಣಕಾಲಿಗೆ ಮೊಣಕಾಲು ಹಚ್ಚಿ ಮಾತಾಡುವುದು ಜೀವಮಾನದಲ್ಲಿ ಒಂದೇ ಸಲ, ಮನೆ ಪಾಲಾಗುವ ದಿನ. ಹಿರಿಯರು ಸುತ್ತ ಕೂತಿರುತ್ತಾರೆ. ಮಗ ಅಪ್ಪನನ್ನು ನೇರ ಕೇಳುತ್ತಾನೆ, "ನಿನಗೇನು ಬೇಕು?" ಅಪ್ಪ ತನಗೆ ಬೇಕಾದ್ದು ಹೇಳುತ್ತಾನೆ, ಒಂದು ಕೊಡಪಾನ, ಒಂದು ಕಂಬಳಿ, ಒಂದು ಎಮ್ಮೆ. ಅಲ್ಲಿಂದ ಒಲೆ ಬೇರೆ. ನನ್ನ ಅಪ್ಪ ಅವನ ಅಪ್ಪನನ್ನು ಹಾಗೆ ಕೇಳಿದ್ದನಂತೆ, ಅವ್ವ ಹೇಳಿದ್ದಳು. ನಾನು ಚಿಕ್ಕಂದಿನಲ್ಲೇ ಊರು ಬಿಟ್ಟವನು, ಒಬ್ಬನೇ ಮಗ, ಪಾಲು ಮಾಡುವ ಮಾತೇ ನಮ್ಮಲ್ಲಿ ಬರಲಿಲ್ಲ. ಕೇಳಿದ್ದ ಕಥೆ ಕೇಳಿದಲ್ಲೇ ಉಳಿದಿತ್ತು. ಹೆಂಡತಿ ಸತ್ತ ಮೊದಲ ಮಳೆಗಾಲದಲ್ಲೇ ಮಗ ಬಂದು ಎದುರು ಕೂತು ನಿನಗೇನು ಬೇಕು ಅಂದರೆ ಆ ಮುದುಕ ಏನು ತಿಳಿಯಬೇಕು?

"ಯಾರು ಬ್ಯಾರೆ ಆಗ್ಯಾರ? ಅಪ್ಪಾ, ನಾ ಕೇಳಿದ್ದು ದವಾಖಾನಿ ಮಾತು!" ಅಂದೆ. ಗಾಬರಿಯಲ್ಲಿ ಮತ್ತೆ ನೇರವಾಗಿಯೇ ಅಂದಿದ್ದೆ. ಅವನು ಎದ್ದ. ಗೇಟಿನ ಹತ್ತಿರ ಲಾರಿ ಹಾರ್ನ್ ಹೊಡೆಯುತ್ತಿತ್ತು, ಗೋಣಿಚೀಲ ತಲೆಗೆ ಹಾಕಿಕೊಂಡು ತೆಗೆಯಲು ಹೋದ.

ನಾನು ತಪ್ಪು ಮಾಡಿದೆ ಅಂತ ಇವತ್ತಿಗೂ ಒಪ್ಪುವುದಿಲ್ಲ. ಅಂಜಿಕೆಯಾಗಿತ್ತು, ಅಂಜಿಕೆ ಅಂತ ಹೇಳಿದೆ. ಮೇಡಂ ಹೇಳಿಕೊಟ್ಟದ್ದೂ ತಪ್ಪಲ್ಲ, ಅಪ್ಪ ತಿಳಿದದ್ದೂ ತಪ್ಪಲ್ಲ. ನಡುವೆ ಒಬ್ಬಳು ಇರಬೇಕಿತ್ತು, ಇರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಕ್ಲಾಸಿನಿಂದ ಉಪ್ಪಲ್‌ಗೆ ಹೋದೆ. ಕೋಳಿಗೇ ಹೇಳಿದೆ, ಎಚ್ಚರದಿಂದ ಹೇಳಿದೆ. ಔಷಧಿ ಕೊಂಡೊಯ್ದೆ, ಅದನ್ನು ಕುಡಿಯುತ್ತಿದ್ದ. ನೆಂಟರು ತಂದದ್ದನ್ನು ಹಿಂದಿರುಗಿಸುವುದು ಸರಿಯಲ್ಲವಲ್ಲ. ದೇವಮ್ಮ ಒಮ್ಮೆ ಬಂದು ಸೆರಗು ಹೊದ್ದು, "ಮನಿಯಾಗ ಒಬ್ಬರ ತಾಟು ಬೋರಲ ಹಾಕೈತಿ, ಅದನ್ನ ನೋಡಿ ಯಾರಿಗೂ ಕೂಳು ಇಳಿವಲ್ದು" ಅಂತ ಕೋಳಿಗೆ ಹೇಳಿ ಅತ್ತಳು. ಅಪ್ಪ ಕಣ್ಣೊರೆಸಿಕೊಂಡ, "ಹಬ್ಬಕ್ಕ ಬರತೀನಂತ ಹೇಳು" ಅಂದ. ದೀಪಾವಳಿಗೆ ಬಂದ ಕೂಡ. ಒಗೆದ ಧೋತರ ಉಟ್ಟು, ಟವೆಲಿನಲ್ಲಿ ತೆಂಗಿನಕಾಯಿ, ಬಾಳೆಹಣ್ಣು ಕಟ್ಟಿಕೊಂಡು. ಹೊಸ್ತಿಲಲ್ಲಿ ಕೂರಲಿಲ್ಲ, ಒಳಗೆ ಕೂಡಿಸಿದಲ್ಲಿ ಕೂತ. ಹೋಳಿಗೆ ಹೊಗಳಿದ. ಇನ್ನೊಂದು ಬಡಿಸಿದರೆ ಸಾಕು ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದ. ಹೊತ್ತು ಮುಳುಗುವ ಮುಂಚೆ, "ಬರತೀವಂತ ಹೇಳು" ಅಂತ ಗೋಡೆಗೆ ಹೇಳಿ ಹೊರಟ. ತನ್ನದೇ ಮನೆಗೆ ನೆಂಟನಾಗಿ ಬಂದು ಹೋದವನನ್ನು ನಾನು ಬಸ್ಸಿನವರೆಗೆ ಕಳಿಸಿ ಬಂದೆ.

ಚಳಿಗೆ ಪರೀಕ್ಷೆ ಮುಗಿಯಿತು. ಪಾಸಾದೆ, ಒಳ್ಳೆಯ ಅಂಕ. ಸರ್ಟಿಫಿಕೇಟ್ ಒಯ್ದು ಗುತ್ತೇದಾರನ ಮೇಜಿನ ಮೇಲಿಟ್ಟೆ. "ಕುಟುಂಬ ಅಧ್ಯಯನ? ಏನಯ್ಯಾ, ನೆಲ ಪಾಲಿಶ್ ಮಾಡುವವನಿಗೆ ಇದು ಯಾತಕ್ಕೆ" ಅಂತ ಅವನು ನಕ್ಕ. ನಾನು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು ಮಷಿನ್ ಚಾಲೂ ಮಾಡಿದೆ.

ಸಂಕ್ರಾಂತಿಯ ಸುಮಾರಿಗೆ ಅಪ್ಪ ಅಲ್ಲೇ, ಹೋದ ತಿಂಗಳು ನಾನು ನೀರು ಬಿಟ್ಟು ನಿಂತ ಆ ಜಾಗದಲ್ಲೇ, ಗೇಟಿಗೆ ಹೋಗಲು ಎದ್ದವನು ಬಿದ್ದ. ಶೆಡ್ಡಿನ ಪಕ್ಕದವರು ಸುದ್ದಿ ಕಳಿಸಿದರು. ಕೊನೆಗೂ ನಾನು ಅವನನ್ನು ದೊಡ್ಡ ದವಾಖಾನೆಗೆ ಒಯ್ದೆ, ಅವನಿಗೆ ಬೇಡ ಅನ್ನಲು ಉಸಿರಿರದಿದ್ದಾಗ. ದೇವಮ್ಮ ಹೋಗಿ ಕೋಳಿಯನ್ನು ಮನೆಗೆ ತಂದಳು. ಅದನ್ನು ಅವಳು ಕೊಯ್ಯಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಮುಪ್ಪಾಗಿ ಸತ್ತಿತು.

ವಾರ್ಡಿನಲ್ಲಿ ಉದ್ದಕ್ಕೂ ಮಂಚಗಳು, ಎಲ್ಲ ಮಂಚಗಳಿಂದಲೂ ಒಂದೇ ತರಹದ ಕೆಮ್ಮು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅಪ್ಪನ ಕಾಲಿನ ಮೇಲೆ ಬಿದ್ದಿತ್ತು, ಪರಸಿ ಬಿದ್ದು ಚಪ್ಪಟೆಯಾಗಿದ್ದ ಆ ಕಾಲಿನ ಮೇಲೆ. ದೇವಮ್ಮ ಗಂಜಿ ತರಲು ಹೋಗಿದ್ದಳು. ನಾವಿಬ್ಬರೇ ಇದ್ದೆವು. ಅಕ್ಕಪಕ್ಕದವರೆಲ್ಲ ಬೇರೆ ಭಾಷೆಯವರು. ಅ‍ಪ್ಪ ಕಣ್ಣು ತೆರೆದು ಅತ್ತಿತ್ತ ನೋಡಿದ. ಅವನು ಹುಡುಕುತ್ತಿದ್ದದ್ದು ಏನು ಅಂತ ನನಗೆ ಗೊತ್ತಿತ್ತು. ಅಲ್ಲಿ ಕೋಳಿ ಇರಲಿಲ್ಲ, ಬಾಗಿಲು ಇರಲಿಲ್ಲ, ನಮ್ಮದು ಅನ್ನುವ ಗೋಡೆಯೂ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ನನ್ನ ಮುಖಕ್ಕೆ ಬಂದು ನಿಂತ. ತುಟಿ ಒಣಗಿತ್ತು.

"ಸಾಬಣ್ಣ" ಅಂದ. "ಉಂಡಿಯೇನು?"

ಮೀಸೆ ಬಂದ ಮೇಲೆ ಅವನು ನನ್ನನ್ನು ನೇರ ಕೇಳಿದ ಒಂದೇ ಮಾತು. ಬೆಳಗಿನಿಂದ ನಾನು ಉಂಡಿರಲಿಲ್ಲ. 'ಇಲ್ಲಪ್ಪಾ' ಅನ್ನುವುದು ಬಾಯಿಗೆ ಬಂದಿತ್ತು. ಕಣ್ಣಿಗೆ ಕಣ್ಣಿಟ್ಟು ಮಾತಾಡುವುದನ್ನು ನಾನು ಕಲಿತಿದ್ದೆ, ಅದಕ್ಕೆ ಕಾಗದವೂ ಇತ್ತು. ಆದರೆ ಹಾಗೆ ಉತ್ತರ ಕೊಟ್ಟರೆ ನಾವು ಬೇರೆಯಾದದ್ದು ಖರೆಯಾಗುತ್ತಿತ್ತು. ಮಂಚದ ಬಾಜು ಸಲಾಯಿನ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬ ಇತ್ತು. ನಾನು ಅದರ ಕಡೆ ಮುಖ ತಿರುಗಿಸಿದೆ.

"ಹೊಟ್ಟಿ ತುಂಬ ಉಂಡಾನಂತ ಹೇಳು" ಅಂದೆ. "ಮನ್ಯಾಗ ಎಲ್ಲಾರೂ ಹಾದಿ ಕಾಯಾಕತ್ತಾರಂತ ಹೇಳು. ಒಲಿ ಒಂದೇ ಐತಂತ ಹೇಳು."

ಆಮೇಲೆ ಅಪ್ಪನ ಕಣ್ಣು ನನ್ನ ಮುಖ ಬಿಟ್ಟು ಮೆಲ್ಲಗೆ ಮೇಲೆ ಹೋಗಿ ಆ ಕಂಬದ ಮೇಲೆ ನಿಂತಿತು.

"ಆತು ಹಂಗಾರ" ಅಂದ ಕಂಬಕ್ಕೆ. "ಯುಗಾದಿಗೆ ಊರಿಗೆ ಹೋಗೂಣಂತ ಹೇಳು."

ಮರುದಿನ ಮಧ್ಯಾಹ್ನ ನಾವು ಅವನನ್ನು ಮುಖಕ್ಕೆ ಬಟ್ಟೆ ಮುಚ್ಚಿ ಹೊರಗೆ ತರುವಾಗ ಹಿಂದೆ ತಿರುಗಿ ನೋಡಿದೆ. ಮಂಚಕ್ಕೆ ಹೊಸ ಹಾಸು ಹಾಸುತ್ತಿದ್ದರು. ಕಂಬವನ್ನು ಆಗಲೇ ಒಯ್ದು ಬೇರೆ ಯಾರದೋ ತಲೆಯ ಹತ್ತಿರ ನಿಲ್ಲಿಸಿದ್ದರು.